ಗಾಡಿ ಬಡಿಗರು ಕಟ್ಟಿದ ದೋಣಿ

ನಮ್ಮ ಕಡೆ ಒಬ್ಬ ಕಾರು ಕೊಂಡರೆ ಮಂದಿ ಪೇಢೆ ಕೇಳುತ್ತಾರೆ. ಟ್ರ್ಯಾಕ್ಟರ್ ಕೊಂಡರೆ ಗಾಲಿಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಯುತ್ತಾರೆ. ಹಿತ್ತಲಲ್ಲಿ ದೋಣಿ ಕಟ್ಟಲು ಕುಳಿತರೆ ಮಾತ್ರ ಹೆಂಡತಿಯನ್ನು ಬದಿಗೆ ಕರೆದು, ಯಜಮಾನರ ತಲೆ ನೆಟ್ಟಗಿದೆಯೇ ಎಂದು ವಿಚಾರಿಸುತ್ತಾರೆ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹಾಗೆ ವಿಚಾರಿಸದವರು ಯಾರೂ ಉಳಿಯಲಿಲ್ಲ. ನಾನು ನಿವೃತ್ತನಾದ ವಿಜ್ಞಾನದ ಮಾಸ್ತರ. ವಸ್ತು ಯಾಕೆ ತೇಲುತ್ತದೆ, ಯಾಕೆ ಮುಳುಗುತ್ತದೆ ಎಂದು ನೌಕರಿಯುದ್ದಕ್ಕೂ ಕರಿಹಲಗೆಯ ಮೇಲೆ ಬರೆದವನು. ಒಂದು ಸಲವಾದರೂ ಹಾಯಿ ಬಿಚ್ಚಿ, ಗಾಳಿ ಒಯ್ದ ಕಡೆ ಹೋಗಬೇಕೆಂದು ಆಸೆಪಟ್ಟರೆ ಇವರ ಗಂಟೇನು ಹೋಗುತ್ತಿತ್ತು?

ದೋಣಿ ಕಟ್ಟುವವರು ನಮ್ಮಲ್ಲಿ ಇಲ್ಲ. ಪ್ಲೈವುಡ್ ಕಪಾಟು ಮಾಡುವವರು ನನ್ನ ಚಿತ್ರ ನೋಡಿ ನಕ್ಕು ಕಳಿಸಿದರು. ಕೊನೆಗೆ ಒಪ್ಪಿದವರು ಹಲಗೇರಿಯ ಒಬ್ಬ ಹಿರಿಯ ಬಡಿಗರು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ಎತ್ತಿನ ಗಾಡಿಗಳೆಲ್ಲ ಅವರ ಕೈಯಿಂದಲೇ ಹೊರಬೀಳುತ್ತಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲ ಚೌಕಟ್ಟು, ಕೊಡಲಿಯ ಕಾವು ಎಂದು ದಿನ ದೂಡುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ನೀರಾಗ ಓಡೋ ಗಾಡಿ. ಗಾಲಿ ಇಲ್ಲ, ಅಷ್ಟ ಅಲ್ರಿ ಮಾಸ್ತರ? ಮಾಡೂಣು," ಎಂದರು.

ಹಾವೇರಿಯ ಕಟ್ಟಿಗೆ ಅಡ್ಡೆಯಿಂದ ಸಾಗವಾನಿ ತಂದೆವು. ಕಾಕಾ ಹಲಗೆಗಳಿಗೆ ಕುದಿಯುವ ನೀರು ಸುರಿದು ಬಗ್ಗಿಸಿದರು. ಹಲಗೆಗಳು ಕೂಡುವ ಕಡೆ ಅರಳೆ ತುರುಕಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಸವರಿದರು. ಹಾಯಿಗೆಂದು ಬ್ಯಾಡಗಿಯ ಭಾವಮೈದುನ ಒಂದು ತಾಡಪತ್ರಿ ಕೊಟ್ಟ. ವರ್ಷಗಟ್ಟಲೆ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದ್ದನ್ನು ಪುಣ್ಯಾತ್ಮ ಹೇಳಲಿಲ್ಲ. ಹೆಂಡತಿ ಮೂರು ಸಲ ತೊಳೆದು ಹೊಲಿದರೂ, ಬಿಚ್ಚಿದಾಗಲೆಲ್ಲ ಓಣಿಯೇ ಸೀನುತ್ತಿತ್ತು. ದೋಣಿ ಮುಗಿದ ಮೇಲೆ ಯುಗಾದಿಯ ದಿನವೇ ನೀರಿಗೆ ಇಳಿಸಬೇಕೆಂದು ಹಟ ಹಿಡಿದವನು ನಾನು. ಅಲ್ಲಿಯವರೆಗೆ ಹದಿನೈದು ದಿನ ಅದು ಬಿರುಬಿಸಿಲಿನಲ್ಲಿ ಬಿದ್ದಿತ್ತು.

ಹಬ್ಬದ ದಿನ ಊರಾಚೆಯ ಕೆರೆಯ ದಂಡೆಗೆ ಇಡೀ ಓಣಿಯೇ ಬಂದಿತ್ತು. ಕಾಯಿ ಒಡೆದು, ಇಳಿಸಿ, ಹತ್ತಿ ಕುಳಿತೆ. ನಾಲ್ಕು ಮಾರು ಹೋಗಿರಲಿಲ್ಲ, ಸಂದುಸಂದಿನಿಂದ ನೀರು ಚಿಮ್ಮಿ ಮೊಳಕಾಲು ಮುಟ್ಟಿತು. ಹೊಸ ಧೋತರದಲ್ಲಿ ಕೆಸರು ತುಳಿಯುತ್ತ ದಂಡೆಗೆ ಬಂದೆ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭಾವಮೈದುನ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ.

"ಎತ್ತಬ್ಯಾಡ್ರಿ ಮಾಸ್ತರ. ಮೂರು ದಿನ ನೀರಾಗ ಇರ್ಲಿ," ಎಂದರು ಕಾಕಾ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಕ್ಕವರ ಮೇಲಿನ ಸಿಟ್ಟೆಲ್ಲ ನಗದೇ ನಿಂತಿದ್ದ ಒಬ್ಬರ ಮೇಲೆ ಹೋಯಿತು. "ಮೂರು ದಿನ ಇಟ್ಟು ಏನ್ ಮೀನ ಸಾಕ್ಲ್ಯಾ? ಎತ್ತಿನ ಗಾಡಿ ಬಿಟ್ರ ನಿನಗೇನ್ ಬರತೈತಿ? ಮಂದ್ಯಾಗ ನನ್ನ ಮಾನ ಕಳದಿ!" ಎಂದು ಕೂಗಿದೆ. ಅವರು ಹತಾರದ ಚೀಲ ಹೆಗಲಿಗೇರಿಸಿ ನಡೆದುಬಿಟ್ಟರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದೋಣಿಯನ್ನು ಎಳೆಸಿ ತಂದು ಹಿತ್ತಲಿಗೆ ಹಾಕಿದೆ.

ವಿಡಿಯೋ ಊರೂರು ತಿರುಗಿತು. ಮೋಟೆಬೆನ್ನೂರಿನ ಒಂದು ಮದುವೆಯಲ್ಲಿ ಪಕ್ಕದ ಎಲೆಯವನು, "ದ್ವಾಣಿ ಮಾಸ್ತರ ನೀವ ಅಲ್ರಿ?" ಎಂದಾಗ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ. ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಬಡಿಗ ಕೆಡಿಸಿದ. ಆ ಮಾತು ಹಲಗೇರಿಗೂ ತಲುಪಿರುತ್ತದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಮಳೆಗಾಲ ಬಂತು. ವಾರವಿಡೀ ಜಿಟಿಜಿಟಿ ಮಳೆ. ಬಿಸಿಲು ಬಿದ್ದು ಎರಡು ದಿನವಾದ ಮೇಲೆ ಹೆಂಡತಿ ಹಿತ್ತಲಿನಿಂದ ಕೂಗಿದಳು. "ಇಲ್ಲೆ ಬರ್ರಿ ಲಗೂ. ದ್ವಾಣಿ ತುಂಬ ನೀರೈತಿ, ಕೆಳಗ ನೆಲ ಒಣಗೈತಿ ನೋಡ್ರಿ."

ಬಗ್ಗಿ ಸಂದುಗಳ ಮೇಲೆ ಬೆರಳಾಡಿಸಿದೆ. ಒಂದು ಹನಿಯೂ ಇರಲಿಲ್ಲ. ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡಿದ್ದವು. ಆಗ ನೆನಪಾಯಿತು. ಬೇಸಿಗೆಯಲ್ಲಿ ಗಾಡಿಯ ಗಾಲಿ ಒಣಗಿ ಸಡಿಲಾದರೆ ಅಪ್ಪ ಅದನ್ನು ಕಳಚಿ ಹೊಂಡಕ್ಕೆ ಉರುಳಿಸುತ್ತಿದ್ದ. ಮೂರು ದಿನ ನೆನೆದರೆ ಕಟ್ಟಿಗೆ ಬಿಗಿಯುತ್ತಿತ್ತು. ಆ ಗಾಲಿಗಳ ಮೇಲೆ ನಿಂತು ಈಜಲು ಜಿಗಿದವನೇ ನಾನು. ರೈತನ ಮಗ, ಮೇಲೆ ವಿಜ್ಞಾನದ ಮಾಸ್ತರ! ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನಿಸಿತು.

ಅದೇ ಸಂಜೆ ಹಲಗೇರಿಗೆ ಹೋದೆ. ಅವರ ಅಂಗಳ ಖಾಲಿ ಇತ್ತು. "ಮಾಸ್ತರರ ದ್ವಾಣಿ ಮುಳುಗಿಸಿದಾಂವ ಅಂತ ಈಗ ಬಾಗಲಾ ಮಾಡಾಕೂ ಯಾರೂ ಕರೆಯೂದಿಲ್ರಿ," ಎಂದಳು ಅವರ ಸೊಸೆ. ನಾನು ತಪ್ಪಾಯಿತು ಕಾಕಾ ಎಂದೆ. ಅವರು ಚಹಾ ಕೊಡಿಸಿದರು, ಮುಖ ಕೊಡಲಿಲ್ಲ.

"ಬೈದದ್ದು ಕೆರಿ ದಂಡಿ ಮ್ಯಾಲ, ಮಂದಿ ನಡುವ. ತಪ್ಪಾತು ಅನ್ನೋದು ನನ್ನ ಪಡಸಾಲ್ಯಾಗ. ಇಲ್ಲೆ ಯಾರ್ ಕೇಳ್ಯಾರ್ರಿ?" ಎಂದರು.

ಮುದುಕನ ಸೊಕ್ಕೇ ಎಂದು ದಾರಿಯುದ್ದಕ್ಕೂ ಸಿಡಿಮಿಡಿಗೊಂಡೆ. ಮನೆ ಮುಟ್ಟುವಷ್ಟರಲ್ಲಿ ಆ ಸಿಟ್ಟಿಗೆ ಬಲ ಉಳಿದಿರಲಿಲ್ಲ. ಮರುದಿನವೇ ದೋಣಿಯನ್ನು ಕೆರೆಗೆ ಬಿಟ್ಟು, ಅವರು ಹೇಳಿದ್ದ ಮೂರು ದಿನ ನೆನೆಸಿದೆ. ಮನೆಮನೆಗೆ ಹೋಗಿ ಭಾನುವಾರ ಮುಂಜಾನೆ ಬರ್ರಿ ಎಂದು ಕರೆದೆ. ಹಲಗೇರಿಗೂ ಹೇಳಿಕಳಿಸಿದೆ.

ಯಾರು ಬಂದರು? ಹೆಂಡತಿ, ಭಾವಮೈದುನ, ಎಮ್ಮೆ ತೊಳೆಯುತ್ತಿದ್ದ ಇಬ್ಬರು. ಮುಳುಗುವುದನ್ನು ನೋಡಲು ಹಬ್ಬದೂಟ ಬಿಟ್ಟು ಓಡಿ ಬಂದಿದ್ದ ಓಣಿಗೆ ಅವತ್ತು ಕೆಲಸವೋ ಕೆಲಸ. ಕಾಕಾ ಮಾತ್ರ ಒಗೆದ ಅಂಗಿ ತೊಟ್ಟು ದಂಡೆಯ ಕಲ್ಲಿನ ಮೇಲೆ ಕುಳಿತಿದ್ದರು.

ಹಾಯಿ ಬಿಚ್ಚಿದೆ. ಎಲ್ಲರೂ ಸೀನಿದರು. ದೋಣಿ ಕೆರೆಯ ಆಚೆ ದಂಡೆ ಮುಟ್ಟಿ, ತಿರುಗಿ ಬಂತು. ಒಳಗೆ ನನ್ನ ಕಾಲು ಒಣಗಿಯೇ ಇತ್ತು. ಇಳಿದವನೇ ಭಾವಮೈದುನನಿಗೆ ಹೇಳಿದೆ: "ಅವತ್ತ ಹಿಡದ್ಯಲ್ಲ, ಇದನ್ನೂ ಹಿಡಿ." ಕಾಕಾನ ಮುಂದೆ ನಿಂತು ಕೈ ಮುಗಿದು, ಗಾಲಿ ನೆನೆಸುವುದನ್ನು ಮರೆತವನು ನಾನು, ತಪ್ಪು ನನ್ನದು ಎಂದು ಆಚೆ ದಂಡೆಗೆ ಕೇಳುವಂತೆ ಕೂಗಿದೆ. ಅವರು ಎದ್ದು ದೋಣಿ ಹತ್ತಿ ಕುಳಿತರು.

ಆ ವಿಡಿಯೋವನ್ನು ಗುರುತಿದ್ದವರಿಗೆಲ್ಲ ಕಳಿಸಿದೆವು. ಯಾರೂ ಮುಂದೆ ಕಳಿಸಲಿಲ್ಲ. ತಿರುಗುತ್ತಿರುವುದು ಇವತ್ತಿಗೂ ಮೊದಲನೆಯದೇ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಲ್ಲು ಕಿಸಿದು, "ನಿಮ್ಮ ದ್ವಾಣಿ ಮುಳುಗಿತಂತಲ್ರಿ?" ಎಂದರೆ ಅವನ ತೋಳು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಅವನ ಬಸ್ಸು ಹೋದರೆ ಹೋಗಲಿ. ಮುಳುಗಿಸಿದವನು ನಾನು, ಕಟ್ಟಿದವರು ಹಲಗೇರಿಯ ಕಾಕಾ ಎಂದು ಅವನ ಬಾಯಿಂದ ಹೇಳಿಸಿದ ಮೇಲೆಯೇ ಬಿಡುತ್ತೇನೆ.