ಮೇಲಿನ ಗದ್ದೆಯ ಕಾಕಾ

ಭತ್ತದ ಕಾಲ ಬಂತೆಂದರೆ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಬದುವಿನ ಮೇಲೆ ನಡೆಯುತ್ತ ಅಲ್ಲಲ್ಲಿ ಬಗ್ಗಿ ದಂಟಿನ ಬುಡ ಚಿವುಟಿ ನೋಡುವ ಚಾಳಿ. ಕಲ್ಹೇರ್ ಕಡೆಯ ನಮ್ಮೂರಿನ ಕೆರೆಯ ಕೆಳಗೆ ಅವರದು ಮೇಲಿನ ಗದ್ದೆ, ನಮ್ಮದು ಕೆಳಗಿನದು. ರಕ್ತಸಂಬಂಧವೇನಿಲ್ಲ, ಆದರೂ ಕಾಕಾ ಅಂತಲೇ ಕರೆಯುತ್ತಿದ್ದೆ.

ಅಪ್ಪ ತೀರಿಕೊಂಡಾಗ ನನಗೆ ಜೋಳ, ತೊಗರಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಭತ್ತ ಕಲಿಸಿದವರು ಇವರೇ. ಬೆಳೆ ಕಪ್ಪಗೆ ಎದ್ದುನಿಂತದ್ದು ನೋಡಿ ನಾನು ಹಿಗ್ಗಿದರೆ ಗದರುತ್ತಿದ್ದರು: "ಯೂರಿಯಾ ತಿಂದು ಎತ್ತರ ಆಗ್ಯಾದ, ಬುಡದಾಗ ಬಲ ಇಲ್ಲ. ಇಂಥಾದ್ದೇ ಗಾಳಿಗಿ ಮೊದಲ ಮಲಗ್ತದ." ತೆನೆ ತುಂಬಿದ ಮೇಲೆ ಗಾಳಿಯ ಸೂಚನೆ ಕಂಡರೆ ನೀರು ಬಸಿಯಬೇಕು, ಮಣ್ಣು ಗಟ್ಟಿಯಾದರೆ ಬೇರು ಹಿಡಿದು ನಿಲ್ಲುತ್ತದೆ ಎಂಬುದೂ ಅವರದೇ ಪಾಠ. ನಾನು ಅದನ್ನು ದೇವರ ಮಾತಿನಂತೆ ನಂಬಿದ್ದೆ.

ಒಂದು ವರ್ಷ ಕೊಯ್ಲು ಹತ್ತಿರವಿರುವಾಗ ಮೋಡ ಕಟ್ಟಿತು. ಅವರು ಹೇಳಿದರೆಂದು ನೀರು ಬಸಿದು, ಗದ್ದೆ ಆರಿಸಿ, ನಿಶ್ಚಿಂತೆಯಿಂದ ತಾಂಡೂರಿನ ಅಕ್ಕನ ಮನೆಗೆ ಹೋದೆ. ಕಾಕಾರ ಬಸಿಗಾಲುವೆಯಲ್ಲಿ ಮಾತ್ರ ಹೂಳು ತುಂಬಿ ಗದ್ದೆಯ ನೀರು ಹಾಗೇ ನಿಂತಿತ್ತು. ಗಾಳಿ ಬೀಸಿಹೋದ ಮೇಲೆ ಬಂದು ನೋಡಿದರೆ ಅವರ ಭತ್ತ ನಿಂತಿದೆ, ನನ್ನದು ನೀರಿನಲ್ಲಿ ಅಂಗಾತ ಮಲಗಿದೆ. ನಡುವಿನ ಬದುವನ್ನು ಯಾರೋ ಸನಿಕೆಯಿಂದ ಕಡಿದಿದ್ದರು.

ಕಾಕಾ ಆಗಲೇ ನನ್ನ ಗದ್ದೆಯಲ್ಲಿದ್ದರು. ಬಿದ್ದ ಬುಡಗಳನ್ನು ಎಬ್ಬಿಸಿ, ನಾಲ್ಕು ನಾಲ್ಕು ಸೇರಿಸಿ ಹುಲ್ಲಿನಿಂದ ಕಟ್ಟುತ್ತಿದ್ದರು.

"ಬದು ಯಾರ್ ಕಡದಾರ್ರಿ, ಕಾಕಾ?"

"ನಾನೇ." ತಲೆ ಎತ್ತಲಿಲ್ಲ. "ನಂದು ಬೀಳ್ತಿತ್ತಲ್ಲ, ತಮ್ಮಾ."

"ಒಂದ್ ಫೋನ್ ಮಾಡಾಕ ಏನಾಗಿತ್ರಿ?"

"ಮಾಡಿದ್ರ ನೀ ಬ್ಯಾಡ ಅಂತಿದ್ದಿ."

ನಂಬಿದ ಎಮ್ಮೆ ಕೋಣ ಈಯಿತು ಅನ್ನುವುದು ಇದಕ್ಕೇ ಇರಬೇಕು. ವೈರಿ ಮಾಡಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ನೀರು ನಿಂತ ಗದ್ದೆಗೆ ಗಾಳಿ ಏನು ಮಾಡುತ್ತದೆಂದು ನನಗೆ ಕಲಿಸಿದವರೇ, ಗೊತ್ತಿದ್ದೂ ನೀರು ಹರಿಸಿದ್ದರು. ಆ ದಿನ ಇಬ್ಬರೂ ಕತ್ತಲಾಗುವ ತನಕ ಕಟ್ಟಿದೆವು. ಉಳಿದದ್ದು ಅರ್ಧ, ಅದರಲ್ಲೂ ಕಾಳು ಮೊಳಕೆಯೊಡೆದಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಊರವರ ಜೊತೆ ನಾನೂ ಹೋಗಿ ಸಮಾಧಿಗೆ ಹಿಡಿ ಮಣ್ಣು ಹಾಕಿ ಬಂದೆ. ಅಳು ಬಂತು, ಸಿಟ್ಟು ಹೋಗಲಿಲ್ಲ.

ಈಗಲೂ ಗಾಳಿಯ ಸೂಚನೆ ಕಂಡರೆ ಅವರು ಹೇಳಿದಂತೆಯೇ ನೀರು ಬಸಿಯುತ್ತೇನೆ. ಬಸಿಯುವ ಮುಂಚೆ ನನಗಿಂತ ಕೆಳಗಿನ ಗದ್ದೆಯವರಿಗೆ ಕೂಗಿ ಹೇಳುತ್ತೇನೆ. ಅದೊಂದನ್ನು ಅವರು ನನಗೆ ಕಲಿಸಲಿಲ್ಲ.