ನೈದಿಲೆ ಕುಂಡದ ಗಣೇಶ

ಮನೆಗಳ ತೋಟದಲ್ಲಿರುವ ಪುಟ್ಟ ಕೊಳಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆಗಾಲ ಮುಗಿಯುತ್ತಾ ಬಂದಾಗ ಕೊಳೆತ ಎಲೆ ತೆಗೆದು, ಪಾಚಿ ಕಡಿಮೆ ಮಾಡಿ, ನೈದಿಲೆ ಕುಂಡಕ್ಕೆ ಹೊಸ ಮಣ್ಣು ತುಂಬಬೇಕು. ಬಸವನಗುಡಿಯ ಒಂದು ಮನೆಯಲ್ಲಿ ಕೊಳದ ಅಂಚಿಗೆ ಕೂತು ಇದನ್ನೇ ಮಾಡುತ್ತಿದ್ದಾಗ, ಪಕ್ಕದ ಮನೆಯ ಅಜ್ಜಿ ತಟ್ಟೆಯಲ್ಲಿ ಗೇಣುದ್ದದ ಗಣೇಶನನ್ನು ಇಟ್ಟುಕೊಂಡು ಬಂದರು.

"ಇಲ್ಲೇ ಬಿಡ್ತೀನಪ್ಪ. ಈ ಮನೆಯವರನ್ನ ಕೇಳಿದೀನಿ. ಬಣ್ಣ ಇಲ್ಲ, ಬರೀ ಜೇಡಿಮಣ್ಣು."

"ಬೇಡ ಅಜ್ಜಿ, ನೀರು ಬಗ್ಗಡ ಆದ್ರೆ ಕಪ್ಪೆಮರಿಗಳು ಸತ್ತುಹೋಗ್ತವೆ. ಮನೇಲೇ ಬಕೆಟ್‌ನಲ್ಲಿ ಬಿಟ್ಬಿಡಿ."

"ಬಟ್ಟೆ ನೆನೆಹಾಕೋ ಬಕೆಟ್‌ನಲ್ಲಾ?"

ಅವರನ್ನು ಹಾಗೇ ವಾಪಸ್ ಕಳಿಸೋಕೆ ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಖಾಲಿ ಕುಂಡ ಕಣ್ಣಿಗೆ ಬಿತ್ತು.

"ಇದರಲ್ಲಿ ಬಿಡಿ. ಕೊಳದ್ದೇ ನೀರು ಹಾಕ್ತೀನಿ. ಕರಗಿದ ಮೇಲೆ ಆ ಮಣ್ಣಲ್ಲೇ ನೈದಿಲೆ ನೆಡ್ತೀನಿ. ಅದಕ್ಕೆ ಜೇಡಿಮಣ್ಣೇ ಬೇಕು."

ಅಜ್ಜಿ ಕುಂಡವನ್ನೂ ನನ್ನನ್ನೂ ನೋಡಿದರು. ನಾನು ನೀರು ತುಂಬಿದ ಮೇಲೆ ಗಣೇಶನನ್ನು ಮುಳುಗಿಸಿ ಎತ್ತಿ, ಮತ್ತೆ ಮುಳುಗಿಸಿ ಎತ್ತಿ, ಕೊನೆಗೆ ಮೆಲ್ಲಗೆ ಕೈಬಿಟ್ಟರು.

ನೈದಿಲೆ ನೆಟ್ಟು ತಿಂಗಳಾದ ಮೇಲೆ ಹೋದಾಗ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೂಗಿದರು. "ಏನಪ್ಪಾ, ನಮ್ಮ ಗಣೇಶ ಹೂ ಬಿಟ್ನಾ?"

"ಮೊಗ್ಗು ಬಂದಿದೆ ಅಜ್ಜಿ."

ನಾನು ಪೂಜೆಗೀಜೆ ಮಾಡುವವನಲ್ಲ. ಆದರೂ ಆ ಕುಂಡದ ಒಣಗಿದ ಎಲೆ ಕತ್ತರಿಸುವ ಮುಂಚೆ ಈಗ ಚಪ್ಪಲಿ ಬಿಡುತ್ತೇನೆ. ಅಜ್ಜಿ ನೋಡುತ್ತಿರುತ್ತಾರಲ್ಲ, ಅದಕ್ಕೆ ಅಂದುಕೊಂಡಿದ್ದೆ. ಮೊನ್ನೆ ಅವರ ಮನೆಗೆ ಬೀಗ ಹಾಕಿತ್ತು. ಆಗಲೂ ಚಪ್ಪಲಿ ಬಿಟ್ಟೆ.