ಚಹಾ ಇನ್ನೂ ನಡೆಯುತ್ತಿದೆಯೇ

ಮನೆಯಿಂದ ಹೊರಡುವ ಮುನ್ನ ಗ್ಯಾಸ್ ಸಿಲಿಂಡರಿನ ತಿರುಗಣೆಯನ್ನು ಮುಟ್ಟಿ ನೋಡದೆ ನಾನು ಹೊಸ್ತಿಲು ದಾಟಿದವನಲ್ಲ. ಮುಟ್ಟಿ, ಬೀಗ ಹಾಕಿ, ಲಿಫ್ಟಿನ ತನಕ ಹೋದಮೇಲೆ, ಮುಟ್ಟಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ ಹುಟ್ಟಿ ಮತ್ತೆ ಹಿಂದಿರುಗುತ್ತೇನೆ. ಲಿಫ್ಟಿನ ಬಾಗಿಲು ಹಿಡಿದು ನಿಂತ ಹೆಂಡತಿ, "ಸಿಲಿಂಡರನ್ನೇ ಬ್ಯಾಗಲ್ಲಿ ಹಾಕ್ಕೊಂಡು ಬಂದ್ಬಿಡಿ, ಅಲ್ಲೇ ನೋಡ್ಕೊತಾ ಕೂತಿರ್ಬೋದು" ಎನ್ನುತ್ತಾಳೆ.

ಈ ಸ್ವಭಾವಕ್ಕೆ ಸಂಬಳ ಕೊಡುವ ಉದ್ಯೋಗವೂ ನನಗೆ ಸಿಕ್ಕಿರುವುದನ್ನು ಪೂರ್ವಜನ್ಮದ ಪುಣ್ಯವೆನ್ನಬೇಕು. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಕುಳಿತು, ಕಂಪ್ಯೂಟರುಗಳ ಒಳಗೆ ನಡೆಯಬೇಕಾದದ್ದು ನಡೆಯುತ್ತಿದೆಯೇ ಎಂದು ನೋಡುವುದೇ ನನ್ನ ಕೆಲಸ. ನೀವು ಈ ಯಂತ್ರದ ಸಹವಾಸಕ್ಕೆ ಬೀಳದವರಾದರೆ ಇಷ್ಟು ತಿಳಿದಿದ್ದರೆ ಸಾಕು: ಕಪ್ಪು ಪರದೆಯ ಮೇಲೆ 'ಪಿಎಸ್' ಎಂದು ಟೈಪಿಸಿದರೆ, ಆ ಕ್ಷಣ ಒಳಗೆ ಓಡುತ್ತಿರುವ ಕೆಲಸಗಳೆಲ್ಲ ಸಾಲುಸಾಲಾಗಿ ಹೊರಬರುತ್ತವೆ. ಆ ದಂಡಿನಲ್ಲಿ ನಮಗೆ ಬೇಕಾದವರನ್ನು ಹುಡುಕಲು 'ಗ್ರೆಪ್' ಎಂಬ ಜರಡಿಯಿದೆ. ಅದಕ್ಕೊಂದು ಹೆಸರು ಕೊಟ್ಟರೆ, ಆ ಹೆಸರಿರುವ ಸಾಲುಗಳನ್ನು ಮಾತ್ರ ಉಳಿಸಿಕೊಡುತ್ತದೆ.

ಕಚೇರಿಯ ಕೆಲಸಕ್ಕೆ ಸಂಬಂಧವೇ ಇಲ್ಲದಿದ್ದರೂ, ನಾನು ಪ್ರತಿ ಬೆಳಿಗ್ಗೆ ಆ ಜರಡಿಗೆ ಕೊಡುತ್ತಿದ್ದ ಮೊದಲ ಹೆಸರು 'ಚಹಾ'.

ಚಹಾ ಎಂಬುದು ಮಹಾಂತೇಶ ಬರೆದಿಟ್ಟು ಹೋದ ಪುಟ್ಟ ಪ್ರೋಗ್ರಾಮು. ಬಾಗಲಕೋಟೆ ಕಡೆಯ ಮಹಾಂತೇಶ ವರ್ಷಗಟ್ಟಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತವನು, ನನ್ನ ಆತಂಕಗಳನ್ನೆಲ್ಲ ಕೇಳಿ, "ಆತಿಲ್ಲೋ? ಏಳು, ಚಹಾ ಕುಡದ್ರ ಅರ್ಧ ಕಡಿಮಿ ಆಕ್ಕಾವ" ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದವನು. ಆ ಪ್ರೋಗ್ರಾಮು ಸಂಜೆ ನಾಲ್ಕಕ್ಕೆ ಸರಿಯಾಗಿ ನಮ್ಮೆಲ್ಲರ ಪರದೆಗಳ ಮೇಲೆ "ಚಹಾ ಆತೇನ್ರಿ?" ಎಂದು ಕೇಳುತ್ತಿತ್ತು. ಅವನು ಕೆಲಸ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋದ. ನಾವೆಲ್ಲ ಹೊಸ ಯಂತ್ರಗಳಿಗೆ ಹೋದೆವು. ಹಳೆಯ ಯಂತ್ರದೊಳಗೆ ಮಾತ್ರ ಚಹಾ, ಕೇಳಿಸಿಕೊಳ್ಳುವವರಿಲ್ಲದಿದ್ದರೂ, ದಿನವೂ ನಾಲ್ಕಕ್ಕೆ ಕೇಳುತ್ತಲೇ ಇತ್ತು.

ಎಲೆಕ್ಟ್ರಾನಿಕ್ ಸಿಟಿಯೇನು ಪರದೇಶವೇ ಎಂದು ನೀವು ನಗಬಹುದು. ಬೆಂಗಳೂರಿನಲ್ಲಿ ಇರುವವರು ನಗಲಾರರು. ನಮ್ಮ ಮನೆಯಿರುವ ಕುಂದಲಹಳ್ಳಿಯಿಂದ ಅಲ್ಲಿಗೆ ಹೋಗಿಬರಲು ಒಂದು ರಜೆಯನ್ನೂ ಒಂದಿಷ್ಟು ಆಯುಷ್ಯವನ್ನೂ ಮೀಸಲಿಡಬೇಕು. ಫೋನ್ ಮಾಡೋಣವೆಂದರೆ ಮೀಟಿಂಗಿನಲ್ಲಿದ್ದರೆ? ಏನೋ ಉಪಕಾರ ಕೇಳಲು ಮಾಡಿದ್ದಾನೆ ಎಂದುಕೊಂಡರೆ? ಹೀಗೆ ಯೋಚಿಸುತ್ತ ನಾನು ಫೋನನ್ನು ಬಿಟ್ಟು ಆ ಸಾಲನ್ನು ಹಿಡಿದುಕೊಂಡೆ. ಚಹಾ ನಡೆಯುತ್ತಿದೆಯೆಂದರೆ ನಮ್ಮ ಸ್ನೇಹವೂ ನಡೆಯುತ್ತಿದೆ. ಇದು ನನ್ನ ಗುಟ್ಟಿನ ಲೆಕ್ಕಾಚಾರವಾಗಿತ್ತು.

ಮೊನ್ನೆ ಬೆಳಿಗ್ಗೆ ಆ ಹಳೆಯ ಯಂತ್ರದಲ್ಲಿ ಎಂದಿನಂತೆ ಹುಡುಕಿದೆ. ಸಾಲು ಬಂತು. ಸಮಾಧಾನವಾಯಿತು. ಯಂತ್ರಗಳನ್ನು ನೋಡಿಕೊಳ್ಳುವ ಸುಜಾತಾ ಹಿಂದೆ ನಿಂತು ಇಣುಕಿದರು.

"ಏನ್ ಸಾರ್ ನೋಡ್ತಿದೀರಾ?"

"ಚಹಾ. ಓಡ್ತಾ ಇದೆ, ನೋಡಿ."

"ಅಯ್ಯೋ ಸಾರ್, ಎಲ್ಲಿ ಓಡ್ತಿದೆ? ಅದು ನಿಮ್ ಗ್ರೆಪ್ಪೇ ಕಣ್ರೀ! ಹಬ್ಬದ ರಜೇಲಿ ಕರೆಂಟ್ ಕೆಲ್ಸಕ್ಕೆ ಅಂತ ಈ ಮಷೀನ್ ಆಫ್ ಮಾಡಿದ್ವಲ್ಲ, ಆಮೇಲೆ ಮಷೀನ್ ಆನ್ ಮಾಡಿದ್ರೂ ಚಹಾನ ಯಾರೂ ಶುರು ಮಾಡೇ ಇಲ್ಲ."

ನಮ್ಮ ಕಸುಬಿಗೆ ಬಂದ ಹೊಸಬರೆಲ್ಲ ಎಡವುವ ಜಾಗವಿದು. ಹುಡುಕಾಟವೂ ಆ ಕ್ಷಣಕ್ಕೆ ನಡೆಯುತ್ತಿರುವ ಒಂದು ಕೆಲಸವೇ, ಅದರ ಸಾಲಿನಲ್ಲೂ ಹುಡುಕುವ ಹೆಸರೇ ಇರುತ್ತದೆ. ಆದ್ದರಿಂದ ಜರಡಿ ತನ್ನನ್ನೂ ತಾನೇ ಹಿಡಿದು ತೋರಿಸುತ್ತದೆ. ಚಹಾ ಬದುಕಿದ್ದರೆ ಎರಡು ಸಾಲು ಬರಬೇಕಿತ್ತು. ಬಂದದ್ದು ಒಂದೇ. ಕೂದಲು ನರೆತ ಮೇಲೂ ಇದು ಕಣ್ಣಿಗೆ ಬೀಳದೆ, ಹಬ್ಬ ಕಳೆದಂದಿನಿಂದ ನಾನು ದಿನವೂ ನನ್ನ ಹಂಬಲವನ್ನೇ ಗೆಳೆಯನೆಂದು ತಿಳಿದು ನೆಮ್ಮದಿಯಾಗಿದ್ದೆ. ನಾವು ಕಳೆದುಕೊಂಡವರನ್ನು ನೆನೆಯುವಾಗ ಎದುರಿಗೆ ಬಂದು ನಿಲ್ಲುವವರು ಅವರೋ, ಅವರ ಹೆಸರು ಹಿಡಿದು ಕೂಗುತ್ತಿರುವ ನಾವೋ ಎಂದು ಹೇಗೆ ಹೇಳುವುದು?

"ಶುರು ಮಾಡ್ಲಾ ಸಾರ್? ಒಂದ್ನಿಮಿಷದ ಕೆಲ್ಸ."

"ಬೇಡಮ್ಮ," ಎಂದೆ. ನನಗೇ ಆಶ್ಚರ್ಯವಾಯಿತು.

ಸಂಜೆ ನಾಲ್ಕಕ್ಕೆ ಮಹಾಂತೇಶನಿಗೆ ಫೋನ್ ಹಚ್ಚಿದೆ. ಎತ್ತಿದವನು ಗಾಬರಿಯಾಗಿದ್ದ: "ಯಾಕಪಾ ರಾಘು, ಯಾರರ ತೀರಿಕೊಂಡ್ರೇನು?"

"ನಿನ್ನ ಪ್ರೋಗ್ರಾಮು ಕಣೋ. ಚಹಾ."

"ಅದಿನ್ನೂ ಇತ್ತೇನಲೇ!" ನಕ್ಕ. "ನೀ ದಿನಾ ನೋಡ್ತಿದ್ದೇನು?"

"ಹೂಂ."

"ಹುಚ್ಚಪ್ಪ. ಅದನ್ನ ನೋಡೂ ಬದ್ಲಿ ನನಗ ಒಂದು ಫೋನ್ ಮಾಡಾಕ ಏನಾಗಿತ್ತು? ನಾನೂ ಮಾಡ್ಲಿಲ್ಲ, ಆ ಮಾತು ಬ್ಯಾರೆ. ಶನಿವಾರ ಬಾ."

ಶನಿವಾರ ಹೆಂಡತಿ ತಂಗಿಯ ಮನೆಗೆ ಹೊರಟಳು, ನಾನು ಬಸ್ಸು ಹತ್ತಿದೆ. ಹೊಸೂರು ರಸ್ತೆಯ ಮೇಲ್ಸೇತುವೆಯ ನಡುವಿಗೆ ಬಂದಾಗ ನೆನಪಾಯಿತು: ಗ್ಯಾಸ್ ಮುಟ್ಟಿ ನೋಡಿರಲಿಲ್ಲ. ಇಳಿದು ಹಿಂದಿರುಗೋಣವೆಂದರೆ ಅಲ್ಲಿ ಇಳಿಯುವ ದಾರಿಯಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಆ ಸೇತುವೆ ಕಟ್ಟಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಹಾಂತೇಶನ ಬಾಗಿಲು ತೆರೆದೇ ಇತ್ತು. "ಬಾ, ಹಾಲು ಉಕ್ಕಾಕತ್ತೈತಿ" ಎಂದು ಒಳಗಿನಿಂದಲೇ ಕೂಗಿದ. ಅಡುಗೆಮನೆಗೆ ಹೋದೆ. ನನ್ನ ಮನೆಯ ತಿರುಗಣೆಯ ಗತಿ ಏನಾಗಿತ್ತೋ ಕಾಣೆ. ಇಲ್ಲಿ ಮಾತ್ರ ಒಲೆ ಉರಿಯುತ್ತಿತ್ತು, ಕಟ್ಟೆಯ ಮೇಲೆ ಎರಡು ಲೋಟಗಳಿದ್ದವು.